ಮುರಿದ ಗಾಲ್ಫ್ ಕೋಲಿಗೆ ಮಾರಂಡಹಳ್ಳಿಯ ಭುವನಾ

ಬೆಳಕು ಹರಿಯುವ ಹೊತ್ತು. ಮಾರಂಡಹಳ್ಳಿಯ ತಮ್ಮ ಮನೆಯ ಹಿಂದೆ, ರಾಗಿ ಹೊಲದ ಬದುವಿನ ಮೇಲೆ ನಿಂತು ಭುವನಾ ಗಾಲ್ಫ್ ಕೋಲೊಂದನ್ನು ಬೀಸಿ ಹಳೆಯ ಟೈರಿಗೆ ಬಾರಿಸುತ್ತಾರೆ. ಏಟಿಗೆ ಕೋಲಿನ ತುದಿಯ ಲೋಹದ ತಲೆ ಕೂದಲೆಳೆಯಷ್ಟು ತಿರುಗುತ್ತದೆ.

"ಅಯ್ಯೋ, ಅಂಟು ಕಚ್ಕೊಂಡಿಲ್ಲ!"

ಕೋಲು ಮೋಹನ್‌ರಾಜ್ ಅವರದು. ಹೊಸೂರು ಕಡೆಯ ಗಾಲ್ಫ್ ಮೈದಾನವೊಂದರಲ್ಲಿ ಅವರು ಆಟಗಾರರ ಚೀಲ ಹೊರುತ್ತಾರೆ. ಚೀಲ ಹೊರುವವರಿಗಾಗಿಯೇ ನಡೆಯುವ ಪಂದ್ಯದ ಕೊನೆಯ ಸುತ್ತು ಇವತ್ತು ಬೆಳಿಗ್ಗೆ. ದೂರದ ಹೊಡೆತಕ್ಕೆ ಅವರ ಬಳಿ ಇರುವುದು ಇದೊಂದೇ ಕೋಲು. ನಿನ್ನೆ ಅಭ್ಯಾಸದಲ್ಲಿ ತಲೆ ಸೇರುವ ಕುತ್ತಿಗೆಯಲ್ಲೇ ಮುರಿಯಿತು. ರಾತ್ರಿ ಭುವನಾ ಅಂಟು ಹಾಕಿ ಜೋಡಿಸಿದ್ದರು.

ಮದುವೆಗೆ ಮೊದಲು ಭುವನಾ ಅದೇ ಮೈದಾನದಲ್ಲಿ ಕಳೆ ಕೀಳುತ್ತಿದ್ದರು. ರಿಪೇರಿ ಕೋಣೆಯ ಪಳನಿಸ್ವಾಮಿಯವರಿಗೆ ಕೈ ನಡುಕ ಶುರುವಾದಾಗ ಗರಗಸ ಹಿಡಿಯಲು ಕರೆದದ್ದು ಇವರನ್ನೇ. "ಮೊದಲ್ನೇ ಕೋಲನ್ನ ಕಾಯಿಸಿ ಕಾಯಿಸಿ ಸುಟ್ಟೇಬಿಟ್ಟೆ. ಅವ್ರು ಬೈಯ್ಲಿಲ್ಲ, 'ಇನ್ನೊಂದು ಎಡುಮ್ಮಾ, ತಕ್ಕೋ' ಅಂದ್ರು" ಎಂದು ನಗುತ್ತಾರೆ. ಈಗ ಗಂಡ ತಿಮ್ಮರಾಜು ಅವರ ತರಕಾರಿ ವ್ಯಾನಿನಲ್ಲಿ, ಖಾಲಿ ಟೊಮೆಟೊ ಕ್ರೇಟುಗಳ ನಡುವೆ, ತಿಂಗಳಿಗೆ ಮೂವತ್ತು ನಲವತ್ತು ಕೋಲು ಮನೆಗೆ ಬರುತ್ತವೆ. ಊರಿನವರ ಬಾಯಲ್ಲಿ ಇದು ಇಂದಿಗೂ 'ಹಾಕಿ ರಿಪೇರಿ'.

ಭುವನಾ ಹೀಟ್ ಗನ್ನಿನ ಬಿಸಿಗಾಳಿ ಹಿಡಿದು ತಲೆಯನ್ನು ಬಿಡಿಸುತ್ತಾರೆ. ಒಳಗೆ ಹಳೆಯ ಅಂಟಿನ ಚೂರು! ಅದನ್ನು ಕೆರೆದು ತೆಗೆದು, ಬೇಗ ಗಟ್ಟಿಯಾಗುವ ಅಂಟು ಹಚ್ಚಿ ಮತ್ತೆ ಕೂರಿಸುತ್ತಾರೆ. ಅಷ್ಟರಲ್ಲಿ ಹೊರಗೆ ವ್ಯಾನಿನ ಹಾರನ್.

"ಸೀಕ್ರಂ ಕೊಡು ಲೇ, ಲೇಟಾಗ್ತೈತೆ!" ತಿಮ್ಮರಾಜು ಕೂಗುತ್ತಾರೆ.

"ಕೊಡಕ್ಕಾಗಲ್ಲ. ಒಣಗೋ ತನಕ ನಾನೇ ಇಡ್ಕೋಬೇಕು. ನಾನೂ ಬತ್ತೀನಿ, ವಂಡಿ ಎಡು, ನಡಿ!"

ಅಂಟು ಬೇಗ ಒಣಗಲೆಂದು ಕೋಲಿನ ಕುತ್ತಿಗೆಯನ್ನು ಬಿಸಿನೀರಿನ ಬಾಟಲಿಗೆ ಒತ್ತಿ ಹಿಡಿದು ಅವರು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ದಾರಿಯುದ್ದಕ್ಕೂ ಹಂಪು ಬಂದಾಗಲೆಲ್ಲ "ಮೆಲ್ಲ! ಮೆಲ್ಲ!"

ಮೈದಾನದ ಗೇಟಿಗೆ ಮೋಹನ್‌ರಾಜ್ ಓಡಿ ಬರುತ್ತಾರೆ. "ಅಕ್ಕಾ, ನನ್ನ ಎಸ್ರು ಕೂಗ್ತಾವ್ರೆ. ನಿಲ್ತೈತಾ?"

ಭುವನಾ ತಲೆಯನ್ನು ಬಲವಾಗಿ ತಿರುಚಿ ನೋಡುತ್ತಾರೆ. ಜಗ್ಗುವುದಿಲ್ಲ. "ಓಗು, ಜೋರಾಗಿ ಒಡಿ!"

ಇಷ್ಟು ವರ್ಷ ಕೋಲು ಜೋಡಿಸಿದ್ದಾರೆ. ಪಂದ್ಯದಲ್ಲಿ ಅದನ್ನು ಬೀಸುವುದನ್ನು ನೋಡುವುದು ಇದೇ ಮೊದಲು. ಬೇಲಿಯ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮೋಹನ್‌ರಾಜ್ ಮೈ ತಿರುಗಿಸಿ ಬೀಸುತ್ತಾರೆ. ಠಣ್! ಸುತ್ತ ನಿಂತವರೆಲ್ಲ ಹೋ ಎಂದು ಕೂಗುತ್ತಾರೆ.

"ಎಷ್ಟು ದೂರ ಓಯ್ತು, ನೋಡ್ದಾ?" ತಿಮ್ಮರಾಜು ಹೆಂಡತಿಯ ಭುಜ ಅಲುಗಿಸುತ್ತಾರೆ.

"ಚೆಂಡು ಯಾರು ನೋಡಿದ್ರು? ನಾನು ಕೋಲಿನ ತಲೇನೇ ನೋಡ್ತಿದ್ದೆ" ಎನ್ನುತ್ತಾರೆ ಭುವನಾ, ಮುಖವೆಲ್ಲ ನಗು. "ಒಂಚೂರೂ ಅಲ್ಲಾಡ್ಲಿಲ್ಲ!"