ಜಯಮ್ಮ ಮೇಡಂ ಕಲಿಸಿದ ಹೆದರಿಕೆ

ಜಯಮ್ಮ ಮೇಡಂ ಯಾವ ಕೋಣೆಗೆ ಕಾಲಿಟ್ಟರೂ ಮೊದಲು ನೋಡುತ್ತಿದ್ದದ್ದು ಸೂರನ್ನು. ಆಮೇಲೆ ಗೋಡೆ, ಆಮೇಲೆ ಬಾಗಿಲು. ಮನುಷ್ಯರ ಮುಖ ಕೊನೆಗೆ. ನಾನು ಕೆಲಸ ಕೇಳಿಕೊಂಡು ಹೋದ ದಿನವೂ ಅಷ್ಟೇ. ನನ್ನ ಸರ್ಟಿಫಿಕೇಟುಗಳನ್ನು ಕೈಯಲ್ಲಿ ಹಿಡಿದುಕೊಂಡು, ತಲೆಯ ಮೇಲೆ ಸೂರಿನಲ್ಲಿ ತೇವ ಹರಡಿದ್ದ ಜಾಗವನ್ನೇ ದಿಟ್ಟಿಸುತ್ತ, "ಈಗ ಇದು ಕುಸಿದ್ರೆ ಏನ್ ತಗೊಂಡ್ ಓಡ್ತೀಯಪ್ಪ?" ಎಂದು ಕೇಳಿದರು. "ಸರ್ಟಿಫಿಕೇಟು ಮೇಡಂ" ಎಂದೆ. "ಸದ್ಯ, ಓಡ್ತೀನಿ ಅಂದ್ಯಲ್ಲ" ಎಂದು ಕೆಲಸ ಕೊಟ್ಟರು.

ಮಡಿಕೇರಿಯಲ್ಲಿ ಗುಡ್ಡ ಕಡಿದು ಕಟ್ಟಿದ ಖಾಸಗಿ ಆಸ್ಪತ್ರೆ ಅದು. ವಿರಾಜಪೇಟೆಯಲ್ಲಿ ಅದರದೇ ಒಂದು ಶಾಖೆ. ಎರಡೂ ಕಡೆಯ ರೋಗಿಗಳ ದಾಖಲೆ ಇದ್ದದ್ದು ನಮ್ಮ ಹಿಂಬದಿಯ ಸರ್ವರ್ ಕೋಣೆಯಲ್ಲಿ. ಆ ಕೋಣೆಗೆ ಜಯಮ್ಮ ಮೇಡಂ ಮಹಾರಾಣಿ, ನಾನೊಬ್ಬನೇ ಪ್ರಜೆ. ಮೇಡಂ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ರೈತರ ಮನೆಯ ಮಗಳು. ಗಿಡ್ಡ ಆಳು, ಮಳೆಗಾಲವಿಡೀ ಸೀರೆಯ ಮೇಲೆ ಗಂಡನ ಸ್ವೆಟರು. ಬೆಂಕಿ, ನೀರು, ಸಿಡಿಲು, ಇಲಿ, ಮರ ಎಲ್ಲಕ್ಕೂ ಹೆದರುವವರು. ಅವರಿಗೆ ಆಸ್ಪತ್ರೆಯಲ್ಲಿ 'ಭಯಮ್ಮ' ಎಂಬ ಹೆಸರಿತ್ತು. ಇಟ್ಟವನು ನಾನೇ, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೇರೆ ಊರಿನವರು ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ದೂರದ ಸರ್ವರಿಗೆ ಕಳಿಸಿ ಹಾಯಾಗಿರುತ್ತಾರೆ. ನಮ್ಮಲ್ಲಿ ಒಂದು ಮರ ಬಿದ್ದರೆ ನಾಲ್ಕು ದಿನ ಕೇಬಲ್ಲಿಲ್ಲ. ಹಾಗಾಗಿ ಮೇಡಂ ಪ್ರತಿ ಶುಕ್ರವಾರ ಎಲ್ಲ ದಾಖಲೆಯ ಪ್ರತಿಯನ್ನು ಅಂಗೈಯಗಲದ ಒಂದು ಟೇಪಿಗೆ ಇಳಿಸಿ, ಬಸ್ಸಿನಲ್ಲಿ ವಿರಾಜಪೇಟೆಗೆ ಕಳಿಸುತ್ತಿದ್ದರು. ಅಲ್ಲಿ ಅದಕ್ಕೂ ಹಳೆಯ ಟೇಪುಗಳಿಗೂ ಒಂದು ಕಬ್ಬಿಣದ ಬೀರು. ನಾವು ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಮಾಡುವ ಹಾಗೆ ಒಳಗೆ ಸದಾ ಉರಿಯುವ ಬಲ್ಬು. ಕಳಿಸುವ ಮುಂಚೆ ಟೇಪನ್ನು ಬೇರೊಂದು ಯಂತ್ರದಲ್ಲಿ ಪೂರ್ತಿ ಓದಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕುವುದು ನನ್ನ ಕೆಲಸ. ಮೂರು ಗಂಟೆ ಹಿಡಿಯುವ ಗೋಳು. "ಓದಿ ನೋಡ್ದೆ ಇರೋ ಟೇಪು ಬರೀ ಡಬ್ಬಿ ಕಣಪ್ಪ" ಎನ್ನುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಮುಖ ಸಿಂಡರಿಸುತ್ತಿದ್ದೆ.

ಆ ವರ್ಷ ಮಳೆ ಬಿಡಲೇ ಇಲ್ಲ. ಒಂದು ಶುಕ್ರವಾರ ಟೇಪು ತುಂಬಿದ್ದೇ ತಡ ಕರೆಂಟು ಹೋಯಿತು. ಜನರೇಟರು ಆಪರೇಷನ್ ಥಿಯೇಟರಿಗಷ್ಟೇ. ಮೇಡಂ ಮೀಟಿಂಗಿನಲ್ಲಿದ್ದರು. ಕತ್ತಲಾಗುವ ಮುಂಚೆ ಗಾಳಿಬೀಡಿನ ನಮ್ಮ ಮನೆ ಸೇರಬೇಕಿತ್ತು. ರಿಜಿಸ್ಟರಿನಲ್ಲಿ 'ಓದಿ ನೋಡಿದೆ, ಸರಿಯಿದೆ' ಎಂದು ಬರೆದು ಸಹಿ ಜಡಿದೆ. ಬಸ್ ಸ್ಟ್ಯಾಂಡಿಗೆ ಹೋದರೆ ದಾರಿಯಲ್ಲಿ ಮರ ಬಿದ್ದು ವಿರಾಜಪೇಟೆ ಬಸ್ಸಿಲ್ಲ. ಟೇಪನ್ನು ಮನೆಗೇ ಒಯ್ದೆ.

ಅದರ ಡಬ್ಬಿ ಬೆವೆತಿತ್ತು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಒದ್ದೆಯಾದದ್ದೆಲ್ಲ, ಸಾಕ್ಸು, ಏಲಕ್ಕಿ, ಮಕ್ಕಳ ಪಾಠಪುಸ್ತಕ, ಒಲೆಯ ಮೇಲಿನ ಬಿದಿರಿನ ಅಟ್ಟಕ್ಕೆ ಹೋಗುತ್ತದೆ. ಟೇಪನ್ನೂ ಅಲ್ಲೇ ಇಟ್ಟೆ. ಹುಟ್ಟಿದಾಗಿನಿಂದ ಮಾಡಿದ ಅಭ್ಯಾಸ, ಯೋಚಿಸಲೇ ಇಲ್ಲ. ಭಾನುವಾರ ಸಂಜೆ ನೆನಪಾಗಿ ತೆಗೆದರೆ ಮುಟ್ಟಲಾಗದಷ್ಟು ಬಿಸಿ. ಒಂದು ಮೂಲೆ ಸೊಟ್ಟಗಾಗಿತ್ತು. ಶರ್ಟಿನಲ್ಲಿ ಮಸಿ ಒರೆಸಿ, ಸೋಮವಾರ ಬೆಳಿಗ್ಗೆ ವಿರಾಜಪೇಟೆ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿದೆ. ಮುಂದಿನ ಶುಕ್ರವಾರ ಹೊಸ ಟೇಪು ಹೋಗುತ್ತದಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಅದೇ ಸೋಮವಾರ ಹನ್ನೊಂದು ಗಂಟೆಗೆ ಸರ್ವರ್ ಕೋಣೆಯಲ್ಲಿ ಮೇಡಂ ಹಿಂಬದಿಯ ಗೋಡೆಗೆ ಅಂಗೈ ಊರಿ ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. "ಗೋಡೆ ನಡುಗ್ತಾದೆ ಕಣೋ" ಎಂದರು. ನಾನು ನಕ್ಕೆ. ಅವರು ನನ್ನ ಕಾಲರ್ ಹಿಡಿದು ದರದರ ಎಳೆದುಕೊಂಡು ಓಡಿದರು. ನಾವು ಮೆಟ್ಟಿಲು ತಲುಪುವಷ್ಟರಲ್ಲಿ ಹಿಂದಿನಿಂದ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು. ತಿರುಗಿ ನೋಡಿದರೆ ಕೋಣೆಯಿದ್ದ ಜಾಗದಲ್ಲಿ ಕೆಂಪು ಮಣ್ಣು, ಅದರಲ್ಲಿ ತಲೆಕೆಳಗಾದ ಒಂದು ಕಾಫಿ ಗಿಡ. ಅಯ್ಯೋ ದೇವರೇ, ಕಳೆದ ವಾರದ್ದೆಲ್ಲ ಇನ್ನು ಉಳಿದದ್ದು ಆ ಟೇಪೊಂದರಲ್ಲೇ ಎಂದು ಹೊಳೆದದ್ದು ಆಮೇಲೆ.

ಡಯಾಲಿಸಿಸ್ ರೋಗಿಗಳನ್ನು ಕೂಡಲೇ ವಿರಾಜಪೇಟೆಗೆ ಸಾಗಿಸಿದರು. ಅವರಲ್ಲಿ ಮೂವರಿಗೆ ಅದೇ ಮಧ್ಯಾಹ್ನ ಯಂತ್ರ ಹಾಕಲೇಬೇಕಿತ್ತು. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಯಾರಿಗೆ ಯಾವ ಔಷಧ ಆಗದು, ಎಲ್ಲವೂ ದಾಖಲೆಯಲ್ಲಿ. ಅಲ್ಲಿನ ಡಾಕ್ಟರಿಗೆ ಅವರ ಪರಿಚಯವೇ ಇಲ್ಲ. ಆಂಬುಲೆನ್ಸಿನಲ್ಲಿ ನನ್ನೆದುರು ಮಲಗಿದ್ದ ಆಸ್ಯಮ್ಮ ಎಂಬ ಮುದುಕಿ, "ನೀನು ಯಾಕೆ ಮೋನೇ ಹೀಗೆ ಬೆವರ್ತೀ?" ಎಂದು ಮಗನನ್ನು ಕೇಳುವಂತೆ ನನ್ನನ್ನೇ ವಿಚಾರಿಸಿಕೊಂಡಳು. ಪಕ್ಕದಲ್ಲಿ ಮೇಡಂ ತೊಡೆಯ ಮೇಲೆ ಕಾಗದವಿಟ್ಟು ಮಾಡಬೇಕಾದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದರು.

ಮೂರ್ನಾಡು ದಾಟುವಷ್ಟರಲ್ಲಿ ನನ್ನಿಂದ ತಡೆಯಲಾಗಲಿಲ್ಲ. "ಮೇಡಂ, ಟೇಪು ಓದಿಸಿ ನೋಡ್ಲಿಲ್ಲ. ಸುಮ್ನೆ ಸಹಿ ಹಾಕಿದ್ದು. ಮತ್ತೆ... ಒಲೆ ಮೇಲೆ ಇಟ್ಟಿದ್ದೆ" ಎಂದೆ.

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಣ್ಣು ಮುಚ್ಚಿದೆ. "ಈಗ ಹೇಳ್ದ್ಯಲ್ಲ. ಅಲ್ಲಿಗ್ ಹೋದ್ಮೇಲೆ ಹೇಳಿದ್ರೆ ಒಂದ್ ಜೀವ ಹೋಗಿರೋದು" ಎಂದರು. ಕಿಟಕಿಯಿಂದಾಚೆ ತಲೆ ಹಾಕಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿ, ಮತ್ತೆ ಬರೆಯತೊಡಗಿದರು.

ವಿರಾಜಪೇಟೆಯಲ್ಲಿ ಟೇಪು ಓದಲಿಲ್ಲ. ಯಂತ್ರ ಮೂರು ಸಲ ಅದನ್ನು ನುಂಗಿ ಮೂರು ಸಲ ಉಗುಳಿತು. ಬೀರುವಿನಲ್ಲಿ ಹಿಂದಿನ ವಾರದ ಟೇಪು ಚೆನ್ನಾಗಿತ್ತು. ಅದರಿಂದ ಎಲ್ಲರ ಹೆಸರು, ಔಷಧ ಒಂದೊಂದಾಗಿ ಪರದೆಯ ಮೇಲೆ ಬಂದವು. ಡಾಕ್ಟರು "ಸಾಕು, ಶುರು ಮಾಡುವ" ಎಂದರು. ಮೇಡಂ ಬಾಗಿಲಿಗೆ ಅಡ್ಡ ನಿಂತರು. "ಸಾಲ್ದು ಡಾಕ್ಟ್ರೇ. ಒಂದ್ ವಾರದ್ದು ನಮ್ಮತ್ರ ಇಲ್ಲ." ರಟ್ಟು ಹರಿದು 'ಕಳೆದ ವಾರದ ದಾಖಲೆ ಇಲ್ಲ, ಕೇಳಿ' ಎಂದು ದಪ್ಪಕ್ಷರದಲ್ಲಿ ನನ್ನಿಂದಲೇ ಬರೆಸಿ, ಪ್ರತಿ ಮಂಚಕ್ಕೂ ನನ್ನಿಂದಲೇ ಕಟ್ಟಿಸಿದರು.

ಆಸ್ಯಮ್ಮನಿಗೆ ಕೊಡಲು ಸಿರಿಂಜಿಗೆ ಔಷಧ ತುಂಬಿಸಿಕೊಂಡು ಬಂದ ನರ್ಸು ಆ ರಟ್ಟು ನೋಡಿ ನಿಂತಳು. "ಉಮ್ಮಾ, ಹೋದ ವಾರ ಏನಾದ್ರೂ ಆಯ್ತಾ?" "ಆಗದೆ ಮತ್ತೆ? ಗುರುವಾರ ಈ ಬಿಳಿ ಸೂಜಿ ಹಾಕಿ ಎಂಥ ನಡುಕ! ಉಸಿರೇ ನಿಂತಿತ್ತು. ಇನ್ನು ಹಾಕ್ಬಾರ್ದು ಅಂತ ಕಂಪ್ಯೂಟರಿಗೆ ಬರೆದಿದ್ದಾರಲ್ಲ?" ನರ್ಸು ಸಿರಿಂಜನ್ನು ಟ್ರೇಯಲ್ಲಿ ಹಾಕಿದಳು. ನಾನು ಹೊರಗೆ ಹೋಗಿ ಗೋಡೆಗೊರಗಿ ಕುಳಿತು ಅತ್ತೆ.

ಮರುದಿನ ಆಡಳಿತದವರು ವರದಿ ಕೇಳಿದರು. ಮೇಡಂ ನನ್ನನ್ನು ಕಾಪಾಡುತ್ತಾರೆಂದು ಒಳಗೊಳಗೇ ಆಸೆಯಿತ್ತು. ಅವರೋ ಖಾಲಿ ಹಾಳೆ ನನ್ನ ಮುಂದಿಟ್ಟರು. "ನಾನ್ ಬರ್ದ್ರೆ ನಿನ್ ಹೆದ್ರಿಕೆ ಹೋಗ್ಬುಡ್ತದೆ. ನೀನೇ ಬರಿ." ಬರೆದೆ. ಕೆಲಸ ಹೋಗಬೇಕಿತ್ತು. ಇವನು ಇನ್ನು ಜನ್ಮದಲ್ಲಿ ಸುಳ್ಳು ಸಹಿ ಹಾಕುವುದಿಲ್ಲ, ಹೊಸಬ ಬಂದರೆ ಹಾಕುತ್ತಾನೆ ಎಂದು ಮೇಡಂ ವಾದಿಸಿ ಉಳಿಸಿಕೊಂಡರಂತೆ.

ಎರಡು ವರ್ಷದ ನಂತರ ಮೇಡಂ ನಿವೃತ್ತರಾಗಿ ಕುಶಾಲನಗರಕ್ಕೆ ಹೋದರು. ಬಸ್ಸು ಹತ್ತುವಾಗ, "ಈಗ್ಲೂ ಹೆದ್ರಿಕೆ ಆಯ್ತದಾ?" ಎಂದು ಕೇಳಿದರು. "ಶುಕ್ರವಾರ ಬಂದ್ರೆ ಹೊಟ್ಟೆ ಹಿಂಡ್ತದೆ ಮೇಡಂ" ಎಂದೆ. "ಒಳ್ಳೇದು ಬುಡು" ಎಂದರು. ಅದೇ ಕೊನೆಯ ಭೇಟಿ. ಆದರೆ ಅವರಿಗೆಲ್ಲಿಯ ನೆಮ್ಮದಿ! ಪ್ರತಿ ಶುಕ್ರವಾರ ಸಂಜೆ ಐದಕ್ಕೆ ಫೋನು ಬರುತ್ತಿತ್ತು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಓದ್ತಾ?" "ಓದ್ತು ಮೇಡಂ." ಕಟ್.

ಈ ಯುಗಾದಿ ಕಳೆದು ಒಂದು ವಾರಕ್ಕೆ ಅವರು ಮಲಗಿದ್ದಲ್ಲೇ ಹೋಗಿಬಿಟ್ಟರು. ಮೊನ್ನೆ ಶುಕ್ರವಾರ ಜೋರು ಮಳೆ. ಹೊಸ ಸರ್ವರ್ ಕೋಣೆಯಲ್ಲಿ ನಾನೊಬ್ಬನೇ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಐದಕ್ಕೆ ಹತ್ತು ನಿಮಿಷವಿರುವಾಗ ಟೇಪು ಪೂರ್ತಿ ಓದಿತು. ಸಹಿ ಹಾಕಿ, ಫೋನನ್ನು ಮೇಜಿನ ಮೇಲಿಟ್ಟು ಐದೂಕಾಲಿನವರೆಗೆ ಕುಳಿತೆ. ಆಮೇಲೆ ಯಾರೂ ಇಲ್ಲದ ಕೋಣೆಯಲ್ಲಿ "ಓದ್ತು ಮೇಡಂ" ಎಂದು ಗಟ್ಟಿಯಾಗಿ ಹೇಳಿ, ಬಸ್ಸಿಗೆ ಹೊರಟೆ.