ಸಭೆಯನ್ನು ಅಂಗಳಕ್ಕೆ ಎಳೆದ ಸಾಕಕ್ಕ

ಸಾಕಕ್ಕ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿರಲಿಲ್ಲ. ನಮ್ಮ ದಲಿತ ಕೇರಿಯ ಹೆಂಗಸೊಬ್ಬಳು ಹಾಗೆ ಬಾಯಿ ತುಂಬ ನಗುವುದೇ ಊರಿಗೆ ದೊಡ್ಡ ಸೊಕ್ಕಾಗಿ ಕಾಣುತ್ತಿತ್ತು. ಮೀಸಲಾತಿಯಲ್ಲಿ ಆಕೆ ಪಂಚಾಯ್ತಿ ಅಧ್ಯಕ್ಷೆಯಾದ ಮೇಲಂತೂ ಕೇಳಬೇಡಿ.

ಹಳೇಬೀಡಿನ ಆಚೆಗಿರುವ ನಮ್ಮೂರಲ್ಲಿ ಒಂದು ಪದ್ಧತಿಯಿತ್ತು. ಸಭೆಗೆ ಮುಂಚೆ ಮೆಂಬರುಗಳೆಲ್ಲ ಉಪಾಧ್ಯಕ್ಷ ಗೌಡರ ಮನೆಯಲ್ಲಿ ಕಾಫಿ ಕುಡಿಯಬೇಕು. ಕಾಫಿ ಮುಗಿಯುವಷ್ಟರಲ್ಲಿ ತೀರ್ಮಾನಗಳೂ ಮುಗಿದಿರುತ್ತಿದ್ದವು, ಆಫೀಸಿನಲ್ಲಿ ಬರೀ ಸಹಿ. ನಮ್ಮವರು ಆ ಹೊಸ್ತಿಲು ದಾಟುವಂತಿಲ್ಲವಲ್ಲ, ಅಧ್ಯಕ್ಷೆ, ಮೆಂಬರಾಗಿದ್ದ ತನ್ನ ಮೈದುನನ ಜೊತೆ, ಅಂಗಳದಲ್ಲಿ ಕೋಳಿ ನೋಡಿಕೊಂಡು ಕೂತಿರಬೇಕು. ಥೂ! ಅಂಗನವಾಡಿ ಟೀಚರಾದ ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೇ ಸಭೆಯ ದಿನ ಆಕೆ ಅಂಗಳದಲ್ಲೇ ಎದ್ದು ನಿಂತು ಕೂಗಿದಳು: "ಗೌಡ್ರೇ, ನಾನು ಒಳಕ್ಕೆ ಬರಂಗಿಲ್ಲ ಅಂದ್ರೆ ಸಭೆ ಹೊರಕ್ಕೆ ಬರ್ಲಿ. ನನ್ನ ಬಿಟ್ಟು ಮಾತಾಡಿದ್ದಕ್ಕೆ ನಾನು ಸಹಿ ಹಾಕಲ್ಲ."

ಗೌಡರು ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಏನೇ ಸಾಕಿ, ಬಾಯಿ ಜೋರಾಗೈತೆ?"

"ಸಾಕಿ ಅಲ್ಲ, ಅಧ್ಯಕ್ಷರು ಅನ್ನಿ."

ಆಕೆಯ ಸಹಿಯಿಲ್ಲದೆ ಯಾವ ಕೆಲಸವೂ ಆಗದು. ಬೇರೆ ದಾರಿ ಕಾಣದೆ ಎಲ್ಲರೂ ಹೊರಗೆ ಬಂದು ಕೂತರು. ಆಕೆ ಅವತ್ತು ಕೇಳಿದ್ದು ಒಂದೇ, ನಮ್ಮ ಕೇರಿಗೆ ಸ್ಮಶಾನ. ನಮ್ಮ ಹೆಣಗಳನ್ನು ಕೆರೆ ಅಂಚಲ್ಲಿ ಹೂಳುತ್ತಿದ್ದೆವು, ಕೆರೆ ತುಂಬಿದರೆ ಅದೂ ಇಲ್ಲ. ಬೇಲೂರಿನ ತಾಲ್ಲೂಕು ಆಫೀಸಿಗೆ ಅಲೆದೂ ಅಲೆದೂ ಊರಾಚೆಯ ಸರ್ಕಾರಿ ಜಾಗದಲ್ಲಿ ಸರ್ವೆಯವರಿಂದ ಸ್ಮಶಾನದ ಗಡಿಕಲ್ಲು ನೆಡಿಸಿದಳು. ಆ ಜಾಗದಲ್ಲಿ ಗೌಡರು ರಾಗಿ ಬೆಳೆಯುತ್ತಿದ್ದರು.

ಮುಂದಿನದ್ದು ಗೊತ್ತೇ ಇದೆ, ಅವಿಶ್ವಾಸ. ಆಕೆಯನ್ನು ಇಳಿಸಲು ಕೈ ಎತ್ತಿದವರಲ್ಲಿ ಸ್ವಂತ ಮೈದುನನೂ ಇದ್ದ. ಸಾಯಂಕಾಲ ನನ್ನ ಮುಂದೆ ಕೂತು, "ಅವ್ನು ತಲೆ ತಗ್ಗಿಸ್ಕೊಂಡೇ ಕೈ ಎತ್ತಿದ ಕಣೇ. ಅಷ್ಟಾದ್ರೂ ಮಾನ ಐತೆ" ಅಂತ ನಕ್ಕಳು.

ಆಕೆಯ ಅಧಿಕಾರ ಹೋದ ವಾರವೇ ಕಲ್ಲುಗಳು ಮಾಯವಾದವು. ಮುಂದಿನ ಮಳೆಗಾಲದಲ್ಲಿ ಸಾಕಕ್ಕ ಜ್ವರ ಬಂದು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಕೆರೆ ತುಂಬಿತ್ತು. ಆಕೆಯನ್ನು ಹೊತ್ತು ಆ ಜಾಗಕ್ಕೆ ಹೋದರೆ ಗೌಡರ ಆಳುಗಳು ಅಡ್ಡ ನಿಂತರು.

"ಬೆಳೆ ಐತೆ. ಕೊಯ್ಲಾಗ್ಲಿ."

ಹೆಣ ಕೊಯ್ಲಿಗೆ ಕಾಯುತ್ತದೆಯೇನ್ರೀ? ತಾಲ್ಲೂಕು ಆಫೀಸಿನ ಸಾಹೇಬರಿಗೆ ಫೋನ್ ಮಾಡಿದೆ. ನಾಳೆ ಬರ್ತೀವಿ ಅಂದರು.

ಕತ್ತಲಾಗುವ ಮುಂಚೆ ಆಕೆಯ ಹಿತ್ತಲಿನಲ್ಲೇ, ಪಾತ್ರೆ ತೊಳೆಯುವ ಕಲ್ಲು ಕಿತ್ತು, ಮಣ್ಣು ಮಾಡಿದೆವು. ಇದ್ದದ್ದೇ ಅಷ್ಟು ಜಾಗ. ಸೊಸೆ ಈಗ ಬೀದಿಯಲ್ಲಿ ಕೂತು ಪಾತ್ರೆ ತೊಳೆಯುತ್ತಾಳೆ.