ಆಯಿಲ್ ಕುಡಿಯುತ್ತಿದ್ದ ಅಪ್ಪಯ್ಯನ ಬೈಕು

ಇವತ್ತು ಹೆಮ್ಮಾಡಿಯಲ್ಲಿ ನಮ್ಮ ಬಸ್ಸಿನ ಮುಂದೆ ಹಳೆಯ ಬೈಕೊಂದು ನೀಲಿ ಹೊಗೆ ಬಿಡುತ್ತಾ ಹೋಯಿತು. ಸುಟ್ಟ ಆಯಿಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ಅಪ್ಪಯ್ಯನ ಬೈಕು ನೆನಪಾಯಿತು.

ಅದರ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಅಪ್ಪಯ್ಯ ಊರೂರು ಸುತ್ತುತ್ತಿದ್ದರು. ಎಷ್ಟು ಆಯಿಲ್ ಹೊಯ್ದರೂ ವಾರದೊಳಗೆ ತಳ ಕಾಣುತ್ತಿತ್ತು. ಕೊನೆಗೆ ತೆಕ್ಕಟ್ಟೆಯ ಗ್ಯಾರೇಜಿಗೆ ಹೋದೆವು. ಅಮ್ಮನೂ ನಾನೂ ಜೊತೆಗಿದ್ದೆವು. ಮೆಕ್ಯಾನಿಕ್ ಇಂಜಿನ್ನಿನ ಅಡಿಯನ್ನು ಕೈಯಿಂದ ಸವರಿ ನೋಡಿದ. ಆಮೇಲೆ ಪ್ಲಗ್ ಬಿಚ್ಚಿದ. ಅದು ಆಯಿಲ್ಲಿನಲ್ಲಿ ಒದ್ದೆಯಾಗಿತ್ತು.

"ಹೊರ್ಗೆ ಎಲ್ಲೂ ಸೋರುದಿಲ್ಲೆ. ಪಿಸ್ಟನ್ ರಿಂಗ್ ಸವ್ದ್ ಆಯ್ಲ್ ಒಳ್ಗೇ ಸುಡ್ತಿತ್ತ್. ಇಂಜಿನ್ ಬಿಚ್ಕ್, ಗಾಡಿ ಇಲ್ಲೇ ಬಿಡಿ," ಎಂದ.

"ಗಾಡಿ ಬಿಟ್ರೆ ಮೀನ್ ಮಾರುಕೆ ಹ್ಯಾಂಗ್ ಹೋಪುದ್?" ಎಂದರು ಅಪ್ಪಯ್ಯ.

ಹೀಗೇ ಓಡಿಸಿದರೆ ಇಂಜಿನ್ ಜಾಮ್ ಆಗುತ್ತದೆ ಎಂದ ಮೆಕ್ಯಾನಿಕ್. ಅಪ್ಪಯ್ಯ ಕೀಲಿ ಹಿಡಿದುಕೊಂಡು ನಿಂತೇ ಇದ್ದರು. ಕೊಡಲೂ ಆಗದು, ತಿರುಗಿ ಹೋಗಲೂ ಆಗದು.

ಅಮ್ಮ ಆ ಕೀಲಿಯನ್ನು ತೆಗೆದು ಮೆಕ್ಯಾನಿಕ್ಕನ ಕೈಗಿಟ್ಟಳು. "ಅಲ್ಲಿವರೆಗೆ ನಾನ್ ಬುಟ್ಟಿ ಹೊತ್ಕಂಡ್ ಹೋತೆ," ಎಂದಳು.

ಬೈಕು ರಿಪೇರಿಯಾಗಿ ಬಂತು, ಹೊಗೆಯೂ ನಿಂತಿತು. ಆದರೆ ಅಷ್ಟರಲ್ಲಿ, ಬೈಕು ಹೋಗದ ಗದ್ದೆಯಂಚಿನ ಮನೆಗಳವರು ಅಮ್ಮನ ದಾರಿ ಕಾಯತೊಡಗಿದ್ದರು. ಇನ್ನು ಬುಟ್ಟಿ ಹೊರುವುದು ಬೇಡವೆಂದು ಅಪ್ಪಯ್ಯ ಹೇಳಿಯಾರು ಎಂದು ನಾನು ಕಾದೆ. ಅವರು ಹೇಳಲಿಲ್ಲ, ಅಮ್ಮನೂ ಕೇಳಲಿಲ್ಲ. ಎರಡು ಕಡೆಯ ವ್ಯಾಪಾರ ಮನೆಗೆ ಅಭ್ಯಾಸವಾಗಿಬಿಟ್ಟಿತ್ತು.

ಅಷ್ಟು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತ ಅಮ್ಮನ ಕುತ್ತಿಗೆ ಈಗ ತಿರುಗುವುದಿಲ್ಲ. ಮನೆಗೆ ಬಂದು ಬಾಗಿಲಲ್ಲಿ ನಿಂತು ಕರೆದೆ. ಇಡೀ ಮೈ ತಿರುಗಿಸಿ ನನ್ನನ್ನು ನೋಡಿದಳು.